ಮೂರು ಸೆಕೆಂಡಿನ ಕಿಂಡಿ

ಕರೆಂಟ್ ಬಂದ ಕ್ಷಣಕ್ಕೂ ಸಾಧನದೊಳಗಿನ ಲಿನಕ್ಸ್ ಎದ್ದು ಕೂರುವ ಕ್ಷಣಕ್ಕೂ ನಡುವೆ ಸಣ್ಣದೊಂದು ಬಿಡುವಿರುತ್ತದೆ. ರೌಟರಿರಲಿ, ಕ್ಯಾಮೆರಾ ಇರಲಿ, ಕಾರ್ಖಾನೆಯ ಕಂಟ್ರೋಲರ್ ಇರಲಿ, ಆ ಬಿಡುವಿನ ಯಜಮಾನಿಕೆ ಬೂಟ್‌ಲೋಡರ್‌ನದು. ಮೆಮೊರಿಯನ್ನು ಸಜ್ಜುಗೊಳಿಸಿ, ಫ್ಲ್ಯಾಶಿನಿಂದ ಕರ್ನಲ್ ಎತ್ತಿ ತಂದು, ಅದಕ್ಕೆ ಅಧಿಕಾರ ಬಿಟ್ಟುಕೊಟ್ಟು ಮರೆಯಾಗುವುದು ಅದರ ಕೆಲಸ. ಇಂಥವುಗಳಲ್ಲಿ ಬಹಳ ಬಳಕೆಯಲ್ಲಿರುವುದು ಯು-ಬೂಟ್. ಜರ್ಮನಿಯ ವೋಲ್ಫ್‌ಗ್ಯಾಂಗ್ ಡೆಂಕ್ ಪವರ್‌ಪಿಸಿ ಬೋರ್ಡುಗಳಿಗೆಂದು ಬೆಳೆಸಿದ ಪಿಪಿಸಿಬೂಟ್, ಬೇರೆ ಚಿಪ್ಪುಗಳಿಗೂ ಹಬ್ಬಿದ ಮೇಲೆ 2002ರಲ್ಲಿ ಈ ಹೆಸರು ಪಡೆಯಿತು. ಜರ್ಮನ್ನಿನಲ್ಲಿ ಆ ಪದಕ್ಕೆ ಜಲಾಂತರ್ಗಾಮಿ ಎಂದರ್ಥ. ಯಾರ ಕಣ್ಣಿಗೂ ಬೀಳದೆ ತಳದಲ್ಲೇ ಕೆಲಸ ಮುಗಿಸುವ ತಂತ್ರಾಂಶಕ್ಕೆ ಹೆಸರು ಚೆನ್ನಾಗಿಯೇ ಕೂತಿದೆ.

ಈ ಬಿಡುವಿನಲ್ಲಿ ನಡುವೆ ಬಾಯಿ ಹಾಕಲು ಒಂದು ದಾರಿಯುಂಟು. ಬೋರ್ಡಿನ ಮೂರು ಪಿನ್ನುಗಳಿಗೆ, ಅಂದರೆ ಕಳಿಸುವುದಕ್ಕೊಂದು, ಪಡೆಯುವುದಕ್ಕೊಂದು, ಗ್ರೌಂಡ್ ಒಂದು, ಸೀರಿಯಲ್ ಕೇಬಲ್ ಸಿಕ್ಕಿಸಿ, ಲ್ಯಾಪ್‌ಟಾಪಿನಲ್ಲಿ ವೇಗ 115200 ಎಂದಿಟ್ಟು ಕೂತರೆ ‘ಹಿಟ್ ಎನಿ ಕೀ ಟು ಸ್ಟಾಪ್ ಆಟೊಬೂಟ್’ ಎಂಬ ಸಾಲು ಮೂಡಿ ಮೂರು, ಎರಡು, ಒಂದು ಎಂದು ಎಣಿಸತೊಡಗುತ್ತದೆ. ಸೊನ್ನೆಯಾಗುವ ಮುಂಚೆ ಯಾವುದಾದರೂ ಕೀ ಒತ್ತಿದರೆ ಎಣಿಕೆ ನಿಂತು ಪ್ರಾಂಪ್ಟ್ ಬರುತ್ತದೆ. ಆಮೇಲೆ ತಡೆಯುವವರಿಲ್ಲ. ಮೆಮೊರಿ ಓದಬಹುದು, ಫ್ಲ್ಯಾಶ್ ಅಳಿಸಬಹುದು, ನೆಟ್‌ವರ್ಕಿನಿಂದ ಬೇರೊಂದು ಕರ್ನಲ್ ತರಿಸಿ ಅದನ್ನೇ ಓಡಿಸಬಹುದು. ಈ ಕೇಬಲ್ಲಿನ ಇನ್ನೊಂದು ತುದಿ ಮೇಜಿನ ಮೇಲಿರುವ ಬದಲು ಮುನ್ನೂರು ಕಿಲೋಮೀಟರ್ ಆಚೆ ಇರಬಹುದೇ ಎಂಬುದು ಇಲ್ಲಿನ ವಾದ. ವಾದಕ್ಕೆ ಕೂತವರಲ್ಲಿ ಹಿರಿಯರು ಸಾಧನಗಳನ್ನು ಊರೂರಿಗೆ ಕಳಿಸಿ ದುರಸ್ತಿ ನೋಡಿಕೊಳ್ಳುವ ಕಡೆಯವರು. ಕಿರಿಯಳದು ಅದೇ ಸಾಧನಗಳ ಫರ್ಮ್‌ವೇರ್ ಸುರಕ್ಷತೆಯ ಹೊಣೆ.

ಹಿರಿಯರು: ಮೊದಲು ಈ ಸಾಧನಗಳೆಲ್ಲ ಎಲ್ಲಿರುತ್ತವೆ ಅನ್ನೋದನ್ನು ನೋಡಮ್ಮ. ನಮ್ಮ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚಿವೆ. ಸೋಲಾರ್ ಪ್ಯಾನೆಲ್ ಹೊತ್ತು, ಮೊಬೈಲ್ ಸಿಗ್ನಲ್ ಹುಡುಕಿಕೊಂಡು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುವಂಥವು. ಅವುಗಳೊಳಗೆ ಯಾವ ಚಿಪ್ ಇದೆ ಅನ್ನೋದು ಇಲ್ಲಿ ಮುಖ್ಯವಲ್ಲ, ಹರಡಿಕೊಂಡಿರುವ ಬಗೆ ಮುಖ್ಯ. ಇಂಥ ಜಾಲದಲ್ಲಿ ಒಂದು ಅಪ್‌ಡೇಟ್ ಕೆಟ್ಟು ನೂರಕ್ಕೆ ಒಂದು ಸಾಧನ ಎಚ್ಚರಾಗದೆ ಮಲಗಿತು ಅಂತಿಟ್ಟುಕೋ. ಅರವತ್ತು ಊರು, ಅರವತ್ತು ಬೈಕ್ ಸವಾರಿ, ಏಣಿ, ಕೇಬಲ್, ಲ್ಯಾಪ್‌ಟಾಪ್. ಹೋದವನು ಅಲ್ಲಿ ಮಾಡುವ ಕೆಲಸ ಎಷ್ಟು? ಎರಡು ಸಾಲು ಟೈಪ್ ಮಾಡಿ ‘ಬೂಟ್’ ಅಂತ ಒತ್ತುವುದು. ದೊಡ್ಡ ಪ್ರಮಾಣದಲ್ಲಿ ಇದೇ ನಡೆದದ್ದನ್ನು ಜಗತ್ತೆಲ್ಲ ನೋಡಿದೆ. 2024ರ ಜುಲೈ 19ರಂದು ಸುರಕ್ಷತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ದೋಷದ ಫೈಲಿನಿಂದ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ತಿರುಗಿದವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಸಾಲು ನಿಂತಲ್ಲೇ ನಿಂತಿತು. ಒಂದು ಫೈಲ್ ಅಳಿಸಿದ್ದರೆ ಸಾಕಿತ್ತು. ಆದರೆ ಅಳಿಸಬೇಕಾದ್ದು ಯಂತ್ರ ಪೂರ್ತಿ ಏಳುವ ಮುಂಚೆ, ಸೇಫ್ ಮೋಡಿನಲ್ಲಿ. ಅದಕ್ಕೆ ಹೆಚ್ಚಿನ ಕಡೆ ಮನುಷ್ಯನೇ ಒಂದೊಂದು ಯಂತ್ರದ ಮುಂದೆ ಹೋಗಿ ಕೂರಬೇಕಾಯಿತು.

ಕಿರಿಯಳು: ಬೈಕಿನ ಖರ್ಚನ್ನು ನಾನು ಅಲ್ಲಗಳೆಯುವುದಿಲ್ಲ ಸರ್. ಆದರೆ ನೀವು ಕೇಳುತ್ತಿರುವ ವಸ್ತು ಎಂಥದ್ದು ಅನ್ನೋದನ್ನು ಹತ್ತಿರದಿಂದ ನೋಡೋಣ. ಯು-ಬೂಟಿನಲ್ಲಿ ನೆಟ್‌ಕನ್ಸೋಲ್ ಅಂತ ಒಂದಿದೆ. ‘ಎನ್‌ಸಿಐಪಿ’ ಅನ್ನುವ ವೇರಿಯಬಲ್ಲಿಗೆ ನಿಮ್ಮ ಕಂಪ್ಯೂಟರಿನ ಐಪಿ ವಿಳಾಸ ಕೊಡಬೇಕು. ‘ಎಸ್‌ಟಿಡಿಇನ್’, ‘ಎಸ್‌ಟಿಡಿಔಟ್’ ಎರಡನ್ನೂ ‘ಎನ್‌ಸಿ’ ಅಂತ ಬದಲಿಸಬೇಕು. ಅಷ್ಟಾದರೆ ಸೀರಿಯಲ್ ಕೇಬಲ್ಲಿನಲ್ಲಿ ಹರಿಯುತ್ತಿದ್ದ ಅಕ್ಷರಗಳೇ ಯುಡಿಪಿ ಪ್ಯಾಕೆಟ್ಟುಗಳಾಗಿ 6666ನೇ ಪೋರ್ಟಿನಲ್ಲಿ ಓಡಾಡುತ್ತವೆ. ಪಾಸ್‌ವರ್ಡ್ ಇಲ್ಲ, ಗೂಢಲಿಪಿ ಇಲ್ಲ. ಪ್ಯಾಕೆಟ್ ಎಲ್ಲಿಂದ ಬಂತು ಅನ್ನೋದಕ್ಕೆ ಕಳಿಸಿದವರ ವಿಳಾಸವೇ ಸಾಕ್ಷಿ. ಯುಡಿಪಿಯಲ್ಲಿ ಆ ವಿಳಾಸವನ್ನು ಸುಳ್ಳು ಬರೆಯುವುದು ಕಾಗದದ ಹಿಂದೆ ಬೇರೆಯವರ ಹೆಸರು ಬರೆದಷ್ಟೇ ಸುಲಭ. ರೆಡ್‌ಬೂಟ್ ಅನ್ನುವ ಹಳೆಯ ಬೂಟ್‌ಲೋಡರ್ ಇನ್ನೂ ಉದಾರ. ಎದ್ದ ಕೂಡಲೇ 9000ನೇ ಪೋರ್ಟಿನಲ್ಲಿ ಟೆಲ್ನೆಟ್ಟಿಗೆ ಬಾಗಿಲು ತೆರೆದು ಕಾಯುತ್ತಿತ್ತು. ಕರ್ನಲ್ ತರಿಸುವ ಟಿಎಫ್‌ಟಿಪಿಯದೂ ಇದೇ ಕಥೆ. ಎಂಬತ್ತರ ದಶಕದ ಆರಂಭದಲ್ಲಿ ಪ್ರೊಟೊಕಾಲ್ ಬರೆಯುವಾಗಲೇ ಅದರಲ್ಲಿ ಬಳಕೆದಾರರ ಹೆಸರು, ಪಾಸ್‌ವರ್ಡಿಗೆ ಜಾಗವಿಟ್ಟಿರಲಿಲ್ಲ. ಇನ್ನು ಪ್ರಾಂಪ್ಟ್ ಸಿಕ್ಕಿದವನು ಮಾಡಬೇಕಾದ್ದೂ ಬಹಳವಿಲ್ಲ. ‘ಬೂಟ್‌ಆರ್ಗ್ಸ್’ ಸಾಲಿನ ಕೊನೆಗೆ ‘ಇನಿಟ್’ ಎಂದರೆ ಶೆಲ್ ಅಂತ ಸೇರಿಸಿದರೆ, ಲಿನಕ್ಸ್ ಲಾಗಿನ್ನನ್ನೇ ಕೇಳದೆ ರೂಟ್ ಅಧಿಕಾರ ಕೈಗಿಡುತ್ತದೆ. ನಾವು ಮೇಲೆ ಕಟ್ಟಿದ ಪಾಸ್‌ವರ್ಡು, ಸಹಿ, ಸರ್ಟಿಫಿಕೇಟುಗಳೆಲ್ಲ ಹುಟ್ಟುವ ಮುಂಚಿನ ಹೊತ್ತು ಅದು.

ಹಿರಿಯರು: ನೀನು ಹೇಳಿದ್ದು ಪ್ರಯೋಗಶಾಲೆಗೆಂದು ಮಾಡಿದ ಉಪಕರಣದ ದೋಷ. ಮೇಜಿನ ಮೇಲಿನ ಬೋರ್ಡಿಗೆ ಸೀರಿಯಲ್ ಪೋರ್ಟ್ ಇಲ್ಲದಾಗ ಇರಲಿ ಅಂತ ನೆಟ್‌ಕನ್ಸೋಲ್ ಮಾಡಿದರು. ಅದನ್ನು ಬಯಲಿನ ಇಂಟರ್ನೆಟ್ಟಿಗೆ ಬಿಡು ಅಂತ ಯಾರೂ ಹೇಳುವುದಿಲ್ಲ, ನಾನೂ ಹೇಳುತ್ತಿಲ್ಲ. ಸಾಧನಗಳಿಗೆ ಪ್ರತ್ಯೇಕ ಜಾಲ ಇರಲಿ, ಮೊಬೈಲ್ ಕಂಪನಿಯವರ ಖಾಸಗಿ ಎಪಿಎನ್ ಇರಲಿ, ನಿರ್ವಹಣೆಯ ಕೊಠಡಿಯಿಂದ ಹೊರಟ ಮಾತಷ್ಟೇ ಅದರೊಳಗೆ ಹೋಗಲಿ.

ಕಿರಿಯಳು: ಹಾಗೆಯೇ ನಂಬಿ ಕೂತವರಿದ್ದರು. 2022ರ ಫೆಬ್ರುವರಿ 24, ರಷ್ಯಾದ ಸೇನೆ ಉಕ್ರೇನಿಗೆ ನುಗ್ಗಿದ ದಿನ. ವಯಾಸ್ಯಾಟ್ ಕಂಪನಿಯ ಕೆಎ-ಸ್ಯಾಟ್ ಉಪಗ್ರಹ ಜಾಲದ ಸಾವಿರಾರು ಮೋಡೆಮ್‌ಗಳು ಕೆಲವೇ ಗಂಟೆಗಳಲ್ಲಿ ಮೂಕಾದವು. ದಾಳಿಕೋರರು ಉಪಗ್ರಹವನ್ನು ಮುಟ್ಟಿರಲಿಲ್ಲ. ಸರಿಯಾಗಿ ಹೊಂದಿಸದ ಒಂದು ವಿಪಿಎನ್ ಪೆಟ್ಟಿಗೆಯ ಮೂಲಕ ನೀವು ಹೇಳುವ ಅದೇ ನಿರ್ವಹಣಾ ಜಾಲದೊಳಗೆ ಬಂದರು. ಅಲ್ಲಿಂದ ನಿರ್ವಹಣೆಯ ಆಜ್ಞೆಗಳನ್ನೇ ಕೊಟ್ಟು ಮೋಡೆಮ್‌ಗಳ ಫ್ಲ್ಯಾಶಿನ ಮುಖ್ಯ ದತ್ತಾಂಶದ ಮೇಲೆ ಬೇರೆ ಬರೆಸಿದರು. ಜರ್ಮನಿಯಲ್ಲಿ 5,800 ಗಾಳಿಯಂತ್ರಗಳ ಮೇಲ್ವಿಚಾರಣೆಯ ಕೊಂಡಿ ಕಳಚಿತು. ಆ ಯಂತ್ರಗಳಿಗೂ ಯುದ್ಧಕ್ಕೂ ಯಾವ ಸಂಬಂಧ? ಬೇಲಿಯೇ ಎದ್ದು ಹೊಲ ಮೇಯ್ದದ್ದು ಅಂದರೆ ಇದು. ದೂರದಿಂದ ಗುಣಪಡಿಸುವ ಶಕ್ತಿ ಎಷ್ಟು ಆಳಕ್ಕೆ ಇಳಿಯುತ್ತದೋ ದೂರದಿಂದ ಕೊಲ್ಲುವ ಶಕ್ತಿಯೂ ಅಷ್ಟೇ ಆಳಕ್ಕೆ ಇಳಿಯುತ್ತದೆ. ಎರಡೂ ಒಂದೇ ಆಜ್ಞೆ ಸರ್, ಕೊಡುವ ಕೈ ಮಾತ್ರ ಬೇರೆ.

ಹಿರಿಯರು: ಆ ಕಥೆಯ ಉತ್ತರಾರ್ಧವನ್ನು ಬಿಟ್ಟೆಯಲ್ಲ. ಮೋಡೆಮ್‌ಗಳ ಹಾರ್ಡ್‌ವೇರ್ ಕೆಟ್ಟಿರಲಿಲ್ಲ. ಚಿಪ್ ಸರಿಯಿತ್ತು, ಆಂಟೆನಾ ಸರಿಯಿತ್ತು, ಫ್ಲ್ಯಾಶಿನ ಬರಹ ಮಾತ್ರ ಹಾಳು. ಆದರೂ ಕಂಪನಿ ಸುಮಾರು 30,000 ಹೊಸ ಮೋಡೆಮ್‌ಗಳನ್ನು ವಿತರಕರಿಗೆ ಸಾಗಿಸಬೇಕಾಯಿತು. ಏಕೆ? ಲಿನಕ್ಸ್ ಸತ್ತ ಮೇಲೆ ಸಾಧನದೊಡನೆ ಮಾತಾಡುವ ಇನ್ನೊಂದು ನಾಲಿಗೆ ಇರಲಿಲ್ಲ. ದಾಳಿಕೋರನಿಗೆ ಮೇಲಿನ ಹೆಬ್ಬಾಗಿಲೇ ಸಾಕಾಯಿತು, ನಿನ್ನ ಬೂಟ್‌ಲೋಡರಿನ ತಂಟೆಗೆ ಅವನು ಹೋಗಬೇಕಾದ್ದೇ ಇರಲಿಲ್ಲ. ಕಷ್ಟವಾದದ್ದು ದುರಸ್ತಿಗೆ ಬಂದವನಿಗೆ. ಕೆಳಗಿನ ಬಾಗಿಲು ಮುಚ್ಚಿದ್ದರಿಂದ ಕಳ್ಳನಿಗೆ ಅಡ್ಡಿಯಾಗಲಿಲ್ಲ, ಮನೆಯವರು ಹೊರಗುಳಿದರು.

ಕಿರಿಯಳು: ನಿರ್ವಹಣಾ ಜಾಲವೇ ಶತ್ರುವಿನ ಕೈಯಲ್ಲಿದ್ದಾಗ ಆ ಕೆಳಗಿನ ಬಾಗಿಲಿಗೂ ಮೊದಲು ಹೋಗುವವನು ಅವನೇ ತಾನೆ?

ಹಿರಿಯರು: ಕೀಲಿ ಬೇರೆಯಾಗಿದ್ದರೆ ಹೋಗಲಾರ. ಅದಿರಲಿ, ಆ ಬಾಗಿಲಿನಿಂದಲೇ ಬದುಕಿದ ಒಂದು ಯಂತ್ರದ ಲೆಕ್ಕ ಕೇಳು. ನಾಸಾದ ಸ್ಪಿರಿಟ್ ರೋವರ್ 2004ರ ಜನವರಿ 4ರಂದು ಮಂಗಳದ ಗುಸೇವ್ ಕುಳಿಯಲ್ಲಿ ಇಳಿಯಿತು. ಹದಿನೆಂಟನೇ ಮಂಗಳದಿನಕ್ಕೆ, ಅಂದರೆ ಜನವರಿ 21ಕ್ಕೆ, ಮಾತು ನಿಲ್ಲಿಸಿತು. ಫ್ಲ್ಯಾಶಿನಲ್ಲಿ ಫೈಲುಗಳು ಗುಡ್ಡೆಬಿದ್ದಿದ್ದವು. ಅವುಗಳ ಪಟ್ಟಿಯನ್ನು ಇಟ್ಟುಕೊಳ್ಳಲೇ ಮೆಮೊರಿ ಸಾಲದಾಯಿತು. ಸಾಲದಾದ ಕೂಡಲೇ ಕಂಪ್ಯೂಟರ್ ರೀಬೂಟ್, ಎದ್ದ ಕೂಡಲೇ ಅದೇ ಫ್ಲ್ಯಾಶ್ ತೆರೆಯಲು ಹೋಗಿ ಮತ್ತೆ ರೀಬೂಟ್. ಹೀಗೆ ಅರವತ್ತಕ್ಕೂ ಹೆಚ್ಚು ಬಾರಿ. ರಾತ್ರಿ ಮಲಗಬೇಕಾದ ಯಂತ್ರ ಎಚ್ಚರವಾಗಿಯೇ ಇದ್ದುಕೊಂಡು ಬ್ಯಾಟರಿ ಬರಿದು ಮಾಡಿಕೊಳ್ಳುತ್ತಿತ್ತು. ಪಾಸಡೀನಾದ ಎಂಜಿನಿಯರುಗಳು ಏಳುವ ಹಂತಕ್ಕೇ ಆಜ್ಞೆ ಕಳಿಸಿದರು. ಫ್ಲ್ಯಾಶನ್ನು ಮುಟ್ಟಬೇಡ, ರ್ಯಾಮಿನಲ್ಲೇ ತಾತ್ಕಾಲಿಕ ಫೈಲ್ ವ್ಯವಸ್ಥೆ ಕಟ್ಟಿಕೊಂಡು ಏಳು ಅಂತ. ಒಂದು ಸಂದೇಶ ಮುಟ್ಟಲು ಹತ್ತು ನಿಮಿಷದ ಹಾದಿ. ರೋವರ್ ಎದ್ದಿತು. ಆಮೇಲೆ ಫ್ಲ್ಯಾಶ್ ಹೊಸದಾಗಿ ಫಾರ್ಮ್ಯಾಟ್ ಆಯಿತು. ತೊಂಬತ್ತು ಮಂಗಳದಿನಕ್ಕೆಂದು ಕಳಿಸಿದ ಬಂಡಿ ಕೊನೆಯ ಮಾತಾಡಿದ್ದು 2010ರ ಮಾರ್ಚ್ 22ರಂದು. ಅಲ್ಲಿಗೆ ಬೈಕಿನಲ್ಲಿ ಹೋಗುವ ಹಾಗಿರಲಿಲ್ಲ.

ಕಿರಿಯಳು: ಚೆಂದದ ಉದಾಹರಣೆ ಸರ್, ಆದರೆ ಅದು ನನ್ನ ಕಡೆಯ ಸಾಕ್ಷಿ. ಆ ಎಂಜಿನಿಯರುಗಳಿಗೆ ಪ್ರಾಂಪ್ಟ್ ಸಿಕ್ಕಿರಲಿಲ್ಲ. ಅವರು ಕಳಿಸಿದ್ದು ‘ಇನಿಟ್ ಕ್ರಿಪಲ್ಡ್’ ಅನ್ನುವ ಒಂದೇ ಒಂದು ಆಜ್ಞೆ. ಹೊರಡುವ ಮುಂಚೆಯೇ ಯೋಚಿಸಿ ಇಟ್ಟದ್ದು, ಒಂದೇ ಅರ್ಥವಿದ್ದದ್ದು. ‘ಕುಂಟುತ್ತಾದರೂ ಏಳು’ ಅನ್ನೋದನ್ನು ಬಿಟ್ಟು ಬೇರೇನನ್ನೂ ಅದರಿಂದ ಹೇಳಲು ಬರುತ್ತಿರಲಿಲ್ಲ. ಬೇಕಾದ್ದನ್ನು ಟೈಪ್ ಮಾಡುವ ಸ್ವಾತಂತ್ರ್ಯ ಬೇರೆ, ಮೊದಲೇ ತೀರ್ಮಾನಿಸಿದ ಎರಡು ಮೂರು ದಾರಿಗಳಲ್ಲಿ ಒಂದನ್ನು ಆರಿಸುವ ಅಧಿಕಾರ ಬೇರೆ. ಎರಡನೆಯದಕ್ಕೆ ನನ್ನ ಆಕ್ಷೇಪವಿಲ್ಲ. ಯು-ಬೂಟಿನಲ್ಲಿ ಅದಕ್ಕೆ ಸಲಕರಣೆಯೂ ಇದೆ. ‘ಬೂಟ್‌ಕೌಂಟ್’ ಪ್ರತಿ ರೀಸೆಟ್ಟಿಗೂ ಒಂದೊಂದು ಏರುತ್ತದೆ, ‘ಬೂಟ್‌ಲಿಮಿಟ್’ ದಾಟಿದರೆ ‘ಬೂಟ್‌ಸಿಎಂಡಿ’ಯ ಬದಲು ‘ಆಲ್ಟ್‌ಬೂಟ್‌ಸಿಎಂಡಿ’ ಓಡುತ್ತದೆ. ಫ್ಲ್ಯಾಶಿನಲ್ಲಿ ಹಳೆಯದೊಂದು, ಹೊಸದೊಂದು, ಎರಡು ಪ್ರತಿ ಇಟ್ಟಿರಿ. ಹೊಸದು ಮೂರು ಸಲ ಮುಗ್ಗರಿಸಿದರೆ ಸಾಧನ ತಾನಾಗಿ ಹಳೆಯದಕ್ಕೆ ಮರಳುತ್ತದೆ. ಯಾರೂ ಟೈಪ್ ಮಾಡಬೇಕಿಲ್ಲ, ಮೂರು ಸೆಕೆಂಡಿನ ಕಿಂಡಿಯೂ ಬೇಕಿಲ್ಲ. ಕಿಂಡಿ ಬಿಟ್ಟರೆ ಏನಾಗುತ್ತೆ ಅಂತ ಚಿತ್ರದುರ್ಗದವರನ್ನು ಕೇಳಬೇಕು.

ಹಿರಿಯರು: ಚಿತ್ರದುರ್ಗದವರು ಹೇಳುವುದು ಓಬವ್ವನ ಕಥೆಯನ್ನಲ್ಲವೇನಮ್ಮ? ಒಬ್ಬ ಮಾತ್ರ ತಲೆ ತೂರಿಸುವಷ್ಟು ಇಕ್ಕಟ್ಟಾಗಿದ್ದುದಕ್ಕೇ ಒಂದು ಒನಕೆ ಸಾಕಾಯಿತು. ಕಿಂಡಿ ಇಕ್ಕಟ್ಟಾಗಿರಬೇಕು, ಕಾಯುವವರಿರಬೇಕು. ಕಿಂಡಿಯೇ ಬೇಡ ಅನ್ನೋದು ನಿನ್ನ ಅನುಕೂಲಕ್ಕೆ ಎಳೆದ ಅರ್ಥ. ಈಗ ನಿನ್ನ ಬೂಟ್‌ಕೌಂಟಿಗೆ ಬರುತ್ತೇನೆ. ಸಾಧನ ‘ಚೆನ್ನಾಗಿ ಎದ್ದಿದೆ’ ಅಂತ ತೀರ್ಮಾನಿಸಿ ಆ ಲೆಕ್ಕವನ್ನು ಸೊನ್ನೆಗೆ ಇಳಿಸುವವರು ಯಾರು? ಎದ್ದ ಲಿನಕ್ಸಿನೊಳಗಿನ ಒಂದು ಪ್ರೋಗ್ರಾಂ. ಹೊಸ ಅಪ್‌ಡೇಟಿನಲ್ಲಿ ಕೆಟ್ಟದ್ದು ಮೋಡೆಮಿನ ಡ್ರೈವರ್ ಮಾತ್ರ ಅಂತಿಟ್ಟುಕೋ. ಲಿನಕ್ಸ್ ಏಳುತ್ತದೆ, ಪ್ರೋಗ್ರಾಂ ಓಡುತ್ತದೆ, ಎಲ್ಲ ಸರಿಯಿದೆ ಅಂತ ಲೆಕ್ಕ ಸೊನ್ನೆ ಮಾಡುತ್ತದೆ. ಸಾಧನದ ಪಾಲಿಗೆ ತಾನು ಆರೋಗ್ಯವಂತ. ನಮ್ಮ ಪಾಲಿಗೆ ಅದು ಸತ್ತಿದೆ.

ಕಿರಿಯಳು: ಅದಕ್ಕೆ ಉತ್ತರವಿದೆ. ಸರ್ವರ್ ಮುಟ್ಟಿ, ಅಲ್ಲಿಂದ ಮರುಮಾತು ಬಂದ ಮೇಲಷ್ಟೇ ಲೆಕ್ಕ ಸೊನ್ನೆ ಮಾಡಿದರಾಯಿತು.

ಹಿರಿಯರು: ಹಾಗೆ ಮಾಡಿದ ವಾರವೇ ನಿನ್ನ ಸರ್ವರ್ ಒಂದು ಇಡೀ ದಿನ ಬಿದ್ದಿತು ಅಂದುಕೋ. ಆರು ಸಾವಿರ ಸಾಧನಗಳೂ ತಾವೇ ಕೆಟ್ಟಿದ್ದೇವೆ ಅಂತ ತಿಳಿದು, ಮೂರು ಮೂರು ಸಲ ರೀಬೂಟ್ ಆಗಿ, ಒಟ್ಟಿಗೆ ಹಳೆಯ ಪ್ರತಿಗೆ ಹಾರುತ್ತವೆ. ಹಳೆಯ ಪ್ರತಿಯಲ್ಲಿರುವುದು ನೀನೇ ಅಪ್‌ಡೇಟ್ ಮಾಡಿ ಮುಚ್ಚಿದ್ದ ಸುರಕ್ಷತೆಯ ತೂತು. ಇದರಲ್ಲಿ ಸೂತ್ರ ಬರೆದವರ ತಪ್ಪಿಲ್ಲ. ಮುಂದೆ ಏನು ಕೆಡುತ್ತದೆ ಅಂತ ಇವತ್ತೇ ಗೊತ್ತಿದ್ದರೆ ಅದನ್ನು ಕೆಡದ ಹಾಗೇ ಮಾಡುತ್ತಿದ್ದೆವು. ಮೊದಲೇ ತೀರ್ಮಾನಿಸಿದ ದಾರಿಗಳು ಮೊದಲೇ ಊಹಿಸಿದ ಕೇಡಿಗೆ ಮಾತ್ರ. ಸ್ಪಿರಿಟ್ಟಿನವರದು ಒಂದೇ ಆಜ್ಞೆ ಅಂದೆ, ಒಪ್ಪಿದೆ. ಆದರೆ ಆ ಆಜ್ಞೆಯಿಂದ ಅದು ಎದ್ದ ಮೇಲೆ ಅವರು ಕೈಕಟ್ಟಿ ಕೂರಲಿಲ್ಲ. ಏನೇನು ನಡೆದಿದೆ ಅಂತ ಕೆದಕಿ, ಹೊಸ ಹೊಸ ಆಜ್ಞೆ ಕೊಟ್ಟು ಫ್ಲ್ಯಾಶ್ ಸರಿಮಾಡಿಕೊಂಡರು. ಇಕ್ಕಟ್ಟಾದ ಕಿಂಡಿಯ ಹಿಂದೆ ನಿಲ್ಲಲು ಒಂದಿಷ್ಟು ಜಾಗವಿತ್ತು. ನಾನು ಕೇಳುತ್ತಿರುವುದು ಆ ಜಾಗವನ್ನು.

(ಇಲ್ಲಿಗೆ ವಾದ ಅರ್ಧ ಬಗೆಹರಿದಂತೆ ಕಾಣುತ್ತದೆ. ಹಿರಿಯರು ಬಯಲಿನ ಪ್ರಾಂಪ್ಟನ್ನು ಬಿಟ್ಟುಕೊಟ್ಟಿದ್ದಾರೆ, ಕಿರಿಯಳು ಇಕ್ಕಟ್ಟಿನ ಆಜ್ಞೆಯನ್ನು ಒಪ್ಪಿದ್ದಾಳೆ. ಆದರೆ ಕಿಂಡಿಯನ್ನು ಕಾಯುವ ಕೋಡ್ ಎಷ್ಟು ಗಟ್ಟಿ ಎಂಬ ಪ್ರಶ್ನೆ ಹಾಗೇ ಉಳಿದಿದೆ. ನಿಜವಾದ ತಕರಾರು ಇರುವುದೂ ಅಲ್ಲಿಯೇ.)

ಕಿರಿಯಳು: ಜಾಗ ಕೊಡೋಣ. ಸಹಿ ಮಾಡಿದ ಆಜ್ಞೆ, ಸಾಧನಕ್ಕೊಂದು ಪ್ರತ್ಯೇಕ ಕೀಲಿ, ಒಮ್ಮೆ ಬಳಸಿದ ಸಂದೇಶ ಮತ್ತೆ ನಡೆಯದಂತೆ ಸಂಖ್ಯೆ, ಎಲ್ಲ ಮಾಡೋಣ. ಇವನ್ನೆಲ್ಲ ಪರೀಕ್ಷಿಸುವುದು ಎಲ್ಲಿ? ಬೂಟ್‌ಲೋಡರಿನೊಳಗೆ. ಅಂದರೆ ಅದಕ್ಕೆ ನೆಟ್‌ವರ್ಕ್ ಕಲಿಸಬೇಕು, ಗೂಢಲಿಪಿ ಕಲಿಸಬೇಕು, ಸಮಯ ತಿಳಿಸಬೇಕು. ಸಣ್ಣದಾಗಿದೆ ಅನ್ನೋದೇ ಅದರ ಬಲವಾಗಿತ್ತು, ಅದನ್ನು ನಾವೇ ಕಳೆಯುತ್ತೇವೆ. 2019ರ ಜುಲೈನಲ್ಲಿ ಯು-ಬೂಟಿನ ನೆಟ್‌ವರ್ಕ್ ಬೂಟಿನ ಕೋಡಿನಲ್ಲಿ ಒಟ್ಟಿಗೆ 13 ದೋಷಗಳು ಹೊರಬಂದವು. ಬಹುಪಾಲಿನ ಮೂಲ ಒಂದೇ. ಬಂದ ಪ್ಯಾಕೆಟ್ ತನ್ನ ಉದ್ದ ಇಷ್ಟು ಅಂತ ಹೇಳಿಕೊಂಡರೆ ಅದನ್ನೇ ನಂಬಿ ಅಷ್ಟು ಬೈಟುಗಳನ್ನು ನಕಲು ಮಾಡುವುದು. ಇನ್ನೊಂದು ಇದಕ್ಕಿಂತ ನಾಚಿಕೆಗೇಡಿನದು. ಆಪರೇಟಿಂಗ್ ಸಿಸ್ಟಂ ಸತ್ತಿದ್ದರೂ ಕಂಪ್ಯೂಟರನ್ನು ದೂರದಿಂದ ನಡೆಸಲು ಇಂಟೆಲ್ ಎಎಂಟಿ ಅನ್ನುವ ವ್ಯವಸ್ಥೆ ಕೊಟ್ಟಿತ್ತು, ನಿಮ್ಮ ಕನಸಿನದೇ. 2017ರ ಮೇ ತಿಂಗಳಲ್ಲಿ ಅದರ ಗುಟ್ಟು ರಟ್ಟಾಯಿತು. ಪಾಸ್‌ವರ್ಡಿನ ಉತ್ತರವನ್ನು ಹೋಲಿಸುವಾಗ ಎಷ್ಟು ಅಕ್ಷರ ಹೋಲಿಸಬೇಕು ಅನ್ನೋದನ್ನು ಬಂದವನ ಉತ್ತರದ ಉದ್ದದಿಂದಲೇ ತಿಳಿದುಕೊಳ್ಳುತ್ತಿತ್ತು. ಖಾಲಿ ಉತ್ತರ ಕಳಿಸಿದರೆ ಸೊನ್ನೆ ಅಕ್ಷರ ಹೋಲಿಸುತ್ತಿತ್ತು. ಸೊನ್ನೆ ಅಕ್ಷರದಲ್ಲಿ ವ್ಯತ್ಯಾಸ ಎಲ್ಲಿಂದ ಬರಬೇಕು? ಒಳಗೆ ಬಿಡುತ್ತಿತ್ತು. ಇದನ್ನು ಬರೆದದ್ದು ಚಿಪ್ ಮಾಡುವ ದೈತ್ಯ ಕಂಪನಿ, ಪರೀಕ್ಷಿಸಿದವರೂ ಇದ್ದರು. ಎಂಟು ಜನರ ನಮ್ಮ ತಂಡ ಅದಕ್ಕಿಂತ ಚೆನ್ನಾಗಿ ಬರೆಯುತ್ತೆ ಅನ್ನುವ ಧೈರ್ಯ ನನಗಿಲ್ಲ. ಲಿನಕ್ಸಿನಲ್ಲಿ ತೂತು ಸಿಕ್ಕರೆ ಅಪ್‌ಡೇಟ್ ಕಳಿಸುತ್ತೇವೆ. ಬೂಟ್‌ಲೋಡರನ್ನೇ ಅಪ್‌ಡೇಟ್ ಮಾಡುವಾಗ ಕರೆಂಟ್ ಹೋದರೆ ಆ ಬೋರ್ಡಿಗೆ ಏಳಲು ಏನೂ ಉಳಿಯುವುದಿಲ್ಲ. ಹಾಗಾಗಿ ಅದನ್ನು ಮುಟ್ಟಲು ಎಲ್ಲರೂ ಅಂಜುತ್ತಾರೆ, ಅಲ್ಲಿನ ತೂತು ಅಲ್ಲೇ ಮುದಿಯಾಗುತ್ತದೆ.

ಹಿರಿಯರು: ಈ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಅರ್ಧ ಉತ್ತರ ಇದೆ. ಬೂಟ್‌ಲೋಡರಿಗೆ ನೆಟ್‌ವರ್ಕ್ ಕಲಿಸಲೇಬೇಡ. ಅದು ತನ್ನ ಮೂರು ಪಿನ್ನಿನ ಭಾಷೆಯನ್ನೇ ಆಡಲಿ. ಆ ಪಿನ್ನುಗಳ ಪಕ್ಕದಲ್ಲಿ ಇನ್ನೊಂದು ಪುಟ್ಟ ಬೋರ್ಡ್ ಕೂರಿಸು. ದೂರದ ಸಂಪರ್ಕ, ಕೀಲಿ, ಸಹಿ, ದಾಖಲೆ ಎಲ್ಲ ಅದರ ತಲೆಗೆ. ಮುಖ್ಯ ಬೋರ್ಡಿನ ಕರೆಂಟನ್ನು ಆರಿಸಿ ಹಾಕುವ ರಿಲೇ ಒಂದು ಇರಲಿ. ಹೊಸತೇನಲ್ಲ, ಕರ್ನಲ್ ಪರೀಕ್ಷಿಸುವ ಲ್ಯಾಬುಗಳು ಹೀಗೇ ನಡೆಯುತ್ತವೆ. ಲಾವಾ ಅನ್ನುವ ತಂತ್ರಾಂಶ ಬೋರ್ಡುಗಳ ಕರೆಂಟ್ ಆರಿಸಿ ಹಾಕಿ, ಸೀರಿಯಲ್ಲಿನಲ್ಲಿ ಆ ಎಣಿಕೆಯ ಸಾಲು ಬರುವುದನ್ನೇ ಕಾದಿದ್ದು, ಎಣಿಕೆ ನಿಲ್ಲಿಸಿ, ಯು-ಬೂಟ್ ಆಜ್ಞೆಗಳನ್ನು ತಾನೇ ಟೈಪ್ ಮಾಡುತ್ತದೆ. ಎದುರಿಗೆ ಮನುಷ್ಯ ಬೇಕಿಲ್ಲ. ಲ್ಯಾಬಿನಲ್ಲಿ ಇದು ದಿನನಿತ್ಯದ ಕೆಲಸ ಅನ್ನಿಸಿಕೊಂಡಿದೆ. ಹೊಲದ ಮಧ್ಯೆ ಮಾತ್ರ ಅಪರಾಧ ಏಕಾಗಬೇಕು?

ಕಿರಿಯಳು: ಲ್ಯಾಬಿಗೆ ಬೀಗವಿದೆ, ಹೊಲಕ್ಕಿಲ್ಲ. ಇನ್ನೊಂದು ತೊಡಕಿದೆ. ಪಕ್ಕದ ಪುಟ್ಟ ಬೋರ್ಡಿಗೂ ಬೂಟ್‌ಲೋಡರ್ ಇರುತ್ತದಲ್ಲ ಸರ್, ಅದು ಕೆಟ್ಟರೆ? ಅದರ ಪಕ್ಕದಲ್ಲಿ ಇನ್ನೊಂದು ಕೂರಿಸಬೇಕೇ?

ಹಿರಿಯರು: ಅದನ್ನು ಅಪ್‌ಡೇಟ್ ಮಾಡುವುದು ಅಪರೂಪವಾಗಿರಬೇಕು. ಕೆಟ್ಟರೆ ಬೈಕ್ ಇದ್ದೇ ಇದೆ. ಅರವತ್ತು ಸವಾರಿ ಎರಡಕ್ಕೆ ಇಳಿದರೆ ನನಗೆ ಸಾಕು, ಸೊನ್ನೆಗೆ ಇಳಿಯಬೇಕೆಂಬ ಹಟವಿಲ್ಲ.

ಕಿರಿಯಳು: ಹಾಗಿದ್ದರೆ ದುಡ್ಡಿನ ಲೆಕ್ಕಕ್ಕೆ ಬಂದೆವು. ಟೆಂಡರಿನಲ್ಲಿ ಸಾಧನದ ಬೆಲೆ ಅಂತ ಒಂದು ಕಾಲಂ ಇರುತ್ತದೆ, ಕೆಟ್ಟಾಗ ಎಬ್ಬಿಸುವ ಬಗೆ ಹೇಗೆ ಅನ್ನೋದಕ್ಕೆ ಕಾಲಂ ಇರುವುದಿಲ್ಲ. ಎರಡನೇ ಬೋರ್ಡ್ ಹಾಕಿದವನ ಬೆಲೆ ಹೆಚ್ಚು, ಅವನು ಸೋಲುತ್ತಾನೆ. ಗೆದ್ದವನು ಎಲ್ಲ ಸಾಧನಕ್ಕೂ ಒಂದೇ ಪಾಸ್‌ವರ್ಡ್ ಇಟ್ಟ ನೆಟ್‌ವರ್ಕ್ ಪ್ರಾಂಪ್ಟ್ ಬಿಟ್ಟಿರುತ್ತಾನೆ. ಒಂದು ಸಾಧನವನ್ನು ಕಂಬದಿಂದ ಬಿಚ್ಚಿ ಫ್ಲ್ಯಾಶ್ ಓದಿದವನಿಗೆ ಉಳಿದ ಅಷ್ಟೂ ಸಾಧನಗಳ ಕೀಲಿ ಸಿಕ್ಕಿತು. ಬ್ರಿಟನ್ 2024ರ ಏಪ್ರಿಲ್ 29ರಿಂದ ಮನೆಬಳಕೆಯ ಇಂಟರ್ನೆಟ್ ಸಾಧನಗಳಿಗೆ ಇಂಥ ಸಾರ್ವತ್ರಿಕ ಪಾಸ್‌ವರ್ಡನ್ನು ಕಾನೂನಿನಲ್ಲೇ ನಿಷೇಧಿಸಿದೆ. ನಿಮ್ಮ ಎರಡು ಬೋರ್ಡಿನ ವಿನ್ಯಾಸವನ್ನು ಕಾಗದದ ಮೇಲೆ ನಾನು ಒಪ್ಪುತ್ತೇನೆ. ನನ್ನ ಭಯ ಅದರ ಅಗ್ಗದ ನಕಲಿನದು. ಹಾಗಾಗಿ ಅನುಮಾನವಿದ್ದಲ್ಲಿ ಮುಚ್ಚಿಬಿಡು ಅನ್ನೋದೇ ನನ್ನ ನಿಯಮ.

ಹಿರಿಯರು: ನಿನ್ನ ನಿಯಮದಿಂದ ಸಾಧನ ಸುರಕ್ಷಿತವಾಗಿಯೇ ಸಾಯುತ್ತದೆ. ಮಳೆ ಸುರಿಯುವ ರಾತ್ರಿ ಮಾಪಕ ಮಾತಾಡದಿದ್ದರೆ ಆ ಊರಿನವರಿಗೆ ಅದು ಹ್ಯಾಕ್ ಆದದ್ದೋ ಕೆಟ್ಟದ್ದೋ ಎರಡೂ ಒಂದೇ. ಸುರಕ್ಷತೆ ಅಂದರೆ ಪರರು ಒಳಗೆ ಬರದಿರುವುದೂ ಹೌದು, ಕೆಲಸಕ್ಕೆ ಒದಗುವುದೂ ಹೌದು. ನಿಮ್ಮ ಕಡೆಯವರ ಪುಸ್ತಕದಲ್ಲೇ ಲಭ್ಯತೆ ಅಂತ ಮೂರನೇ ಅಂಶ ಇದೆಯಲ್ಲ, ಓದುವಾಗ ಆ ಪುಟ ಹಾರಿಸಿಬಿಡುತ್ತೀರಿ.

ಕಿರಿಯಳು: ಹಾರಿಸಿಲ್ಲ ಸರ್, ಅದಕ್ಕೇ ಎರಡು ಪ್ರತಿ ಇಡೋಣ ಅಂದದ್ದು. ಸರಿ, ಈಗಿನ ಬೋರ್ಡಿಗೆ ‘ಬೂಟ್‌ಡಿಲೇ’ ಎಷ್ಟಿಡೋಣ ಹೇಳಿ. ಸೊನ್ನೆ ಇಟ್ಟರೂ ಕೀ ಒತ್ತಿ ಹಿಡಿದವನಿಗೆ ಪ್ರಾಂಪ್ಟ್ ಸಿಗುತ್ತೆ. ಮೈನಸ್ ಎರಡು ಇಟ್ಟರೆ ಎಣಿಕೆಯೂ ಇಲ್ಲ, ಕೀ ಒತ್ತಿದ್ದನ್ನು ನೋಡುವುದೂ ಇಲ್ಲ. ನಾನು ಮೈನಸ್ ಎರಡು ಇಡುತ್ತಿದ್ದೇನೆ.

ಹಿರಿಯರು: ಇಡು. ಪುಟ್ಟ ಬೋರ್ಡಿನ ಸಹಿ ಬಂದರೆ ಮಾತ್ರ ಪ್ರಾಂಪ್ಟ್ ಕೊಡುವ ದಾರಿಯನ್ನು ಮುಂದಿನ ವಿನ್ಯಾಸಕ್ಕಾದರೂ ಬರೆದಿಡು. ಆ ಮೂರು ಪಿನ್ನುಗಳನ್ನು ಮಾತ್ರ ಬೋರ್ಡಿನಿಂದ ತೆಗೆಯಬೇಡ.

ಕಿರಿಯಳು: ಪಿನ್ ಹಾಕುವುದಿಲ್ಲ ಸರ್. ತಾಮ್ರದ ಪ್ಯಾಡ್ ಇರುತ್ತದೆ. ಬೇಕಾದವರು ಬಂದು ಬೆಸುಗೆ ಹಾಕಿಕೊಳ್ಳಲಿ.